ಮಣೆಯ ಮೇಲಿನ ಮೊದಲ ಹಾಳೆ

ಗದಗಿನ ಒಂದು ಮುದ್ರಣಾಲಯದಲ್ಲಿ ನಾನು ಒಂದೂವರೆ ತಿಂಗಳು ಹಾಳೆ ಮಡಚುವ ಕೆಲಸ ಮಾಡಿದ್ದೇನೆ. ಯುಗಾದಿಯೊಳಗೆ ಪಂಚಾಂಗ ಹೊರಬೀಳಬೇಕು, ಕೈ ಸಾಲದು. ಆಗಷ್ಟೇ ಹೆಂಗಸರನ್ನು ಕರೆಯುತ್ತಾರೆ. ಹಬ್ಬ ಬಂತೆಂದರೆ ಕೆಲಸ ಮುಗಿಯಿತು. ಗೊತ್ತಿದ್ದೇ ಹೋದೆ.

ಅದಕ್ಕೂ ಮೊದಲು ಹತ್ತು ವರ್ಷ ನಾನು ಬೆಟಗೇರಿಯ ಮನೆಯ ಹೊಸ್ತಿಲು ದಾಟಿದ್ದು ಗುಡಿಗೆ, ದವಾಖಾನೆಗೆ, ಅಷ್ಟೇ. ಮಗಳು ಹುಟ್ಟಿದಾಗಿನಿಂದ ನಡೆದಿಲ್ಲ, ಮಾತಾಡಿಲ್ಲ. ಉಣಿಸಬೇಕು, ಮಗ್ಗುಲು ಬದಲಿಸಬೇಕು, ಎತ್ತಿ ಬಚ್ಚಲಿಗೆ ಒಯ್ಯಬೇಕು. ನಗಲು ಬರುತ್ತದೆ. ಅಷ್ಟನ್ನು ಶಿವ ಕೊಟ್ಟಿದ್ದಾನೆ.

ಆ ವರ್ಷ ಮುಂಡರಗಿಯಿಂದ ಅತ್ತೆ ಬಂದಿದ್ದರು. ಆ ಮುದ್ರಣಾಲಯದಲ್ಲೇ ವರ್ಷವಿಡೀ ದುಡಿಯುವ ನೆರೆಮನೆಯ ಅಕ್ಕ ಕೆಲಸದ ಸುದ್ದಿ ತಂದಾಗ ಅತ್ತೆಯೇ ಅಂದರು: "ಹೋಗವಾ, ನಾ ಅದೀನಲ್ಲ. ಕೂಸಿನ್ನ ಎತ್ತೂವಷ್ಟು ಕಸುವು ಇನ್ನೂ ರಟ್ಟಿಯೊಳಗ ಐತಿ."

ನೆಲದ ಮೇಲೆ ತಾಡಪತ್ರಿ ಹಾಸಿ ಕೂತು ಮಾಡುವ ಕೆಲಸ. ದೊಡ್ಡ ಹಾಳೆಯನ್ನು ಮೂರು ಸಲ ಮಡಚಿ, ಅಂಚು ತೀಡಿ, ಒಂದರ ಮೇಲೊಂದು ಪೇರಿಸಬೇಕು. ಎಲ್ಲ ಕಟ್ಟುಗಳನ್ನು ಸಾಲಾಗಿ ಇಟ್ಟ ಮೇಲೆ ಅಕ್ಕ ಬಗ್ಗಿ ಒಂದೊಂದೇ ಎತ್ತುತ್ತ ಹೋದರೆ ಸಾಲಿನ ಕೊನೆಗೆ ಒಂದು ಪುಸ್ತಕ. ಮೊದಲ ದಿನ ನನ್ನ ಪಾಲಿಗೆ ಮೊದಲ ಹಾಳೆಯೇ ಬಂತು. ಅದರಲ್ಲಿ ಲಿಂಗದ ಚಿತ್ರ. ಜನ ಕಾಲಾಡಿಸುವ ಜಾಗದಲ್ಲಿ ಅದನ್ನಿಡಲು ಮನಸ್ಸಾಗಲಿಲ್ಲ. ಮಡಚಿದ್ದನ್ನೆಲ್ಲ ಕಣ್ಣಿಗೊತ್ತಿಕೊಂಡು ಗೋಡೆಯ ಗೂಡಿನಲ್ಲಿಟ್ಟೆ, ಯಾರಿಗೂ ಹೇಳಲಿಲ್ಲ. ಅಕ್ಕ ಮಾತಿನ ಭರದಲ್ಲಿ ಎರಡನೆಯ ಹಾಳೆಯಿಂದ ಎತ್ತತೊಡಗಿದ್ದರು. ಊಟದ ಹೊತ್ತಿಗೆ ಒಂದು ರಾಶಿ ಪಂಚಾಂಗ ಮೊದಲ ಹಾಳೆಯಿಲ್ಲದೆ ಹೊಲಿಗೆಯಾಗಿದ್ದವು.

ಮಾಲೀಕರು ಒಂದನ್ನು ತಿರುವಿ ನೋಡಿ, ಗೂಡನ್ನೂ ನೋಡಿ ನನ್ನತ್ತ ತಿರುಗಿದರು. "ಅಕ್ಕಾರ, ನೀವು ದೇವರನ್ನ ಗೂಡಿನ್ಯಾಗ ಕುಂಡ್ರಿಸಿದ್ರಿ, ನಮ್ಮ ಪಂಚಾಂಗಕ್ಕ ದೇವರ ಇಲ್ಲದಂಗಾತು!"

"ನೆಲಕ್ಕ ಹೆಂಗ ಇಡ್ಲಿರಿ?" ಎಂದೆ.

"ನಾಳಿ ಊದಿನಕಡ್ಡಿ ಹಚ್ಚಿ ಮಡಚತಾಳ್ರಿ ಈಕಿ!" ಎಂದರು ಅಕ್ಕ. ಎಲ್ಲರೂ ನಕ್ಕರು. ನಾನು ಸೆರಗು ಸರಿಪಡಿಸಿಕೊಂಡು ಏಳಬೇಕೆನ್ನುವಷ್ಟರಲ್ಲಿ ಮಾಲೀಕರು ಒಳಗಿಂದ ಒಂದು ಮಣೆ ತಂದು ಸಾಲಿನ ತುದಿಗಿಟ್ಟರು. "ಇದರ ಮ್ಯಾಲ ಇಡ್ರಿ. ಹೊಲಿಗಿ ಬಿಚ್ಚೂದು ಮಾತ್ರ ನಿಮ್ಮ ಕೆಲಸ." ಎರಡು ದಿನ ಹೊಲಿಗೆ ಬಿಚ್ಚಿದೆ.

ಆಮೇಲೆ ಹಗುರಾದೆ. ಮನೆಯಲ್ಲಿ ಬಡಿದ ರೊಟ್ಟಿ ಉಂಡಾಗ ಮುಗಿಯುತ್ತದೆ. ತೊಳೆದ ಬಟ್ಟೆ ತಾಸಿನಲ್ಲಿ ಮತ್ತೆ ಹೊಲಸಾಗುತ್ತದೆ. ಇಲ್ಲಿ ಮಡಚಿದ್ದು ಮಡಚಿದಂತೆಯೇ ಇರುತ್ತಿತ್ತು. ಸಂಜೆ ಎದ್ದು ನಿಂತರೆ ಮಣೆಯ ಮೇಲೆ ನನ್ನ ಕಟ್ಟು ಸೊಂಟದೆತ್ತರ. ಕೊನೆಯ ದಿನ ಮಾಲೀಕರು, "ಮುಂದಿನ ವರ್ಷ ಹೇಳಿ ಕಳಸ್ತೀನಿ, ಬರ್ರಿ" ಎಂದರು. ಆ ಒಂದು ಮಾತು ಹಿಡಿದುಕೊಂಡು ವರ್ಷ ಕಳೆದೆ. ಬಾಗಿಲು ಯಾರೇ ಬಡಿದರೂ ಅವರೇ ಹೇಳಿಕಳಿಸಿದರೇನೋ ಅನ್ನಿಸುತ್ತಿತ್ತು.

ಮತ್ತೆ ಯುಗಾದಿ ಹತ್ತಿರವಾಯಿತು. ಮುಂದಿನ ವರ್ಷವೂ ಬರುತ್ತೇನೆಂದು ಹೋಗಿದ್ದ ಅತ್ತೆ ಮಾತು ಉಳಿಸಿಕೊಂಡು ಮುಂಡರಗಿಯಿಂದ ಬಂದರು. ಆದರೆ ಮಗಳು ಬೆಳೆದಿದ್ದಳು. ಬೆಳೆಯಲಿ ಎಂದು ಹರಕೆ ಹೊತ್ತವಳೂ ನಾನೇ. ಬಂದ ಮರುದಿನ ಬೆಳಿಗ್ಗೆ ಆಕೆಯನ್ನೆತ್ತಿ ಒಯ್ಯುತ್ತಿದ್ದ ಅತ್ತೆ ಬಚ್ಚಲ ಬಾಗಿಲಲ್ಲಿ ಆಕೆಯನ್ನು ತಬ್ಬಿಕೊಂಡೇ ಕುಸಿದು ಕೂತರು. ಇಬ್ಬರಿಗೂ ಪೆಟ್ಟಾಗಲಿಲ್ಲ, ಅದೊಂದು ದಯೆ. "ಇನ್ನ ನನ್ನ ಕೈಲೆ ಆಗೂದಿಲ್ಲವಾ" ಎಂದು ಅತ್ತೆ ನೆಲ ನೋಡುತ್ತ ಹೇಳಿದರು.

ಅಂದೇ ಸಂಜೆ ಅಕ್ಕ ಕರೆಯಲು ಬಂದರು.

"ಈ ಸಲ ಆಗೂದಿಲ್ಲಂತ ಹೇಳ್ರಿ ಯಕ್ಕಾ."

"ಮುಂದಿನ ವರ್ಷ ಬರ್ತೀಯಂತ ಹೇಳ್ಲೇನು?"

"ಮುಂದಿನ ವರ್ಷ ಇನ್ನಷ್ಟು ದೊಡ್ಡಾಕಿ ಆಗಿರ್ತಾಳ್ರಿ."

ಅಕ್ಕ ಚಪ್ಪಲಿ ಮೆಟ್ಟಿಕೊಂಡರು. ಅವರು ಮೆಟ್ಟಿಲಿಳಿಯುವಾಗ ಕೇಳಿದೆ: "ಆ ಮಣಿ ಇನ್ನೂ ಐತೇನ್ರಿ?"

"ಐತಿ. ಈಗ ಅದರ ಮ್ಯಾಲ ಚಾದ ಕಪ್ಪು ಇಡ್ತಾರ."

ಇಬ್ಬರೂ ನಕ್ಕೆವು. ಒಳಗೆ ಮಗಳ ಮಗ್ಗುಲು ಬದಲಿಸುವ ಹೊತ್ತಾಗಿತ್ತು.