ಜಯಲತಾ ಒತ್ತಿ ನೋಡಿದ ಕುತ್ತಿಗೆ

ನನ್ನ ಹೆಂಡತಿ ಜಯಲತಾಳ ಎದುರು ಯಾರೂ ಜಾರಿ ಬೀಳಬಾರದು. ಬಿದ್ದರೆ ಸುಲಭಕ್ಕೆ ಏಳಲು ಬಿಡುವವಳಲ್ಲ. ಠಾಣೆ ನಗರದ ಮಾಜಿವಾಡಾದ ಒಂದು ಆಸ್ಪತ್ರೆಯಲ್ಲಿ ಅವಳು ತುರ್ತು ವಿಭಾಗದ ಸಿಸ್ಟರ್. ಬಿದ್ದು ಬಂದವರಿಗೆಲ್ಲ ಅವಳ ಪ್ರಶ್ನೆ ಇವೇ. ಕುತ್ತಿಗೆ ನೋವೇ? ಕೈಕಾಲು ಜುಮ್ಮೆನ್ನುತ್ತದೆಯೇ? ಕುಡಿದಿದ್ದೀರಾ? ಬೇರೆಲ್ಲಾದರೂ ಜೋರು ಪೆಟ್ಟಾಗಿದೆಯೇ? ಎಲ್ಲಕ್ಕೂ ಇಲ್ಲ ಎಂದರೆ ಕುತ್ತಿಗೆಯ ಹಿಂದಿನ ಮೂಳೆ ಒತ್ತಿ ನೋಡಬೇಕು, ಅದೂ ನೋಯದಿದ್ದರೆ ಎಡಕ್ಕೂ ಬಲಕ್ಕೂ ತಿರುಗಿಸಲು ಹೇಳಬೇಕು. ಸಲೀಸಾಗಿ ತಿರುಗಿತೋ, ಎಕ್ಸ್‌ರೇ ಬೇಡ, ಸ್ಕ್ಯಾನ್ ಬೇಡ, ಮನೆಗೆ ಹೋಗಿ. "ಬಂದವರಿಗೆಲ್ಲ ಫೋಟೋ ತೆಗೀಲಿಕ್ಕೆ ಇದೆಂತ ಮದುವೆ ಹಾಲಾ?" ಅನ್ನುತ್ತಾಳೆ. ನಮ್ಮ ಮಗಳು ದಿಶಾ ಸೋಫಾದಿಂದ ಉರುಳಿದಾಗ ಐದು ವರ್ಷದ ಮಗುವಿಗೂ "ಕುಡಿದಿದ್ದೀಯಾ?" ಎಂದು ಕೇಳಿದಳು, ಮಾರಾಯ್ರೇ! ಹಾಲು ಕುಡಿದಿದ್ದೇನೆ ಎಂದು ಮಗು ಒಪ್ಪಿಕೊಂಡಿತು.

೨೦೦೯ರ ಒಂದು ಬೆಳಿಗ್ಗೆ ವರ್ತಕ ನಗರದ ನನ್ನ ಹೋಟೆಲಿನ ಮೆಟ್ಟಿಲಿಗೆ ಸೋಪಿನ ನೀರು ಸುರಿದೆ. ಒರೆಸುವ ಮೊದಲೇ ಫೋನ್ ಬಂತೆಂದು ಒಳಗೆ ಹೋದೆ. ಅಷ್ಟರಲ್ಲಿ ಧಡಾರ್! ಮೈಸೂರಿನಿಂದ ಮಗನ ಮನೆಗೆ ಬಂದು ವಾರವಷ್ಟೇ ಆಗಿದ್ದ ರುಕ್ಮಿಣಿಯಮ್ಮ, ಐವತ್ತೆಂಟರ ಗಟ್ಟಿ ಹೆಂಗಸು, ದೋಸೆ ಕಟ್ಟಿಸಿಕೊಂಡು ಹೊರಟವರು ಅಂಗಾತ ಬಿದ್ದಿದ್ದರು. ದೋಸೆಯ ಪೊಟ್ಟಣವನ್ನು ಮಾತ್ರ ಬಿಟ್ಟಿರಲಿಲ್ಲ.

ಜಯಲತಾಳಿಗೆ ಫೋನ್ ಮಾಡಿದೆ. "ಅವರನ್ನು ಎತ್ಲಿಕ್ಕೆ ಹೋಗ್ಬೇಡಿ, ಆಂಬುಲೆನ್ಸ್ ಕಳಿಸ್ತೇನೆ" ಎಂದಳು. ಆಂಬುಲೆನ್ಸಿನವರು ಕೊರಳಿಗೆ ಪಟ್ಟಿ ಬಿಗಿದು ಅವರನ್ನು ಜಯಲತಾಳ ಆಸ್ಪತ್ರೆಗೆ ಕರೆದೊಯ್ದರು, ನಾನೂ ಜೊತೆಗೆ ಹತ್ತಿದೆ. ಕುತ್ತಿಗೆ ಮುರಿದಿದ್ದರೆ ಮುರಿದವನು ನಾನೇ! ದಾರಿಯುದ್ದಕ್ಕೂ ಗೊತ್ತಿದ್ದ ದೈವ ದೇವರಿಗೆಲ್ಲ ಹರಕೆ ಹೊತ್ತೆ.

ಡ್ಯೂಟಿಯಲ್ಲಿ ಮರಾಠಿ ಹುಡುಗ ಡಾಕ್ಟರ್, ನಗುಮುಖದವನು. "ಕಾಕೂ, ಮಾನ ದುಖ್ತೇ ಕಾ?" ಎಂದು ಕೇಳಿದ.

ರುಕ್ಮಿಣಿಯಮ್ಮ ಕೆರಳಿದರು. "ಮಾನಕ್ಕೆ ದುಃಖವಾ? ಜಾರಿ ಬಿದ್ರೆ ಮಾನ ಯಾಕ್ರೀ ಹೋಗುತ್ತೆ? ನಹೀ, ನಹೀ!"

ಮರಾಠಿಯಲ್ಲಿ ಮಾನ ಎಂದರೆ ಕುತ್ತಿಗೆ, ದುಖ್ತೇ ಎಂದರೆ ನೋಯುತ್ತದೆ. ಮೈಸೂರಿನವರಿಗೆ ಅದು ಹೇಗೆ ಗೊತ್ತಾಗಬೇಕು? ಡಾಕ್ಟರಿಗೆ ಕೇಳಿಸಿದ್ದು ನಹೀ ಒಂದೇ. ನನಗೆ ಎರಡು ಭಾಷೆಯೂ ಬರುತ್ತದೆ, ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಕೇಳಿಸಿದ್ದು ಅದೊಂದೇ. ಖುಷಿಯಲ್ಲಿ ಕುಣಿಯುವುದೊಂದು ಬಾಕಿ! ಕೈಕಾಲು ಸರಿಯಾಗಿವೆ ಎಂದು ಡಾಕ್ಟರ್ ಪಟ್ಟಿ ಬಿಚ್ಚಿದ. ಮೂಳೆ ಒತ್ತಿ ನೋಡುವುದನ್ನೂ ಮರೆತು, ತಿರುಗಿಸಿ ಎಂದು ಕೈಸನ್ನೆ ಮಾಡಿದ.

"ಥಾಂಬಾ, ಡಾಕ್ಟರ್!" ನಿಲ್ಲಿಸಿ ಎಂದು ಕೂಗುತ್ತಾ, ಪಕ್ಕದ ಮಂಚದ ರೋಗಿಯನ್ನು ಬಿಟ್ಟು ಜಯಲತಾ ಹಾರಿ ಬಂದು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಅಮ್ಮಾ, ಅಲ್ಲಾಡ್ಬೇಡಿ. ಅವರು ಕೇಳಿದ್ದು ಕುತ್ತಿಗೆ ನೋವುಂಟಾ ಅಂತ."

"ಕುತ್ತಿಗೆಯಾ? ಪ್ರಾಣ ಹೋಗ್ತಿದೆ ಕಣಮ್ಮಾ! ಬಿದ್ದ ಮೇಲೆ ನೋಯದೇ ಇರುತ್ತಾ ಅಂತ ಸುಮ್ನಿದ್ದೆ."

ಕನ್ನಡದಲ್ಲಿ ಮಾನ ಎಂದರೇನೆಂದು ಡಾಕ್ಟರಿಗೆ ಹೇಳಿದಾಗ ಅವನು ಪಕ್ಕನೆ ನಕ್ಕ. ಜಯಲತಾ ಬೆರಳಿನಿಂದ ಮೂಳೆಯನ್ನು ಮೆಲ್ಲಗೆ ಒತ್ತಿದಳು. ರುಕ್ಮಿಣಿಯಮ್ಮ ಕಿರುಚಿದರು, ನಗು ನಿಂತಿತು.

"ಸ್ಕ್ಯಾನ್ ಬೇಕೇ ಬೇಕಾ?" ಎಂದೆ ನಾನು, ನಾಚಿಕೆಗೆಟ್ಟವನು. ಜಯಲತಾ ನನ್ನನ್ನು ಒಮ್ಮೆ ನೋಡಿದಳು. ನಾನೇ ಮಂಚ ತಳ್ಳಲು ಕೈಹಾಕಿದೆ.

ಸ್ಕ್ಯಾನಿನಲ್ಲಿ ಕುತ್ತಿಗೆಯ ಒಂದು ಮೂಳೆ ಸೀಳಿದ್ದು ಕಂಡಿತು. ನರಕ್ಕೆ ಇನ್ನೂ ತಾಗಿರಲಿಲ್ಲ. "ತಿರುಗಿಸಿದ್ದರೆ?" ಎಂದು ನಾನು ಕೇಳಿದೆ. ಡಾಕ್ಟರ್ ತಾನೇ ಒಂದು ಕುರ್ಚಿ ತಂದು ಜಯಲತಾಳನ್ನು ಕೂರಿಸಿದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಡ್ಯೂಟಿಯಲ್ಲಿ ಅವಳು ಕೂತದ್ದು ನಾನು ನೋಡಿರಲಿಲ್ಲ.

ಮತ್ತೆ ನನಗೆ ತಡೆಯಲಾಗಲಿಲ್ಲ. ರುಕ್ಮಿಣಿಯಮ್ಮನ ಪಕ್ಕದಲ್ಲಿ ನಿಂತು, ಸೋಪಿನ ನೀರು ಸುರಿದದ್ದು ನಾನೇ ಎಂದು ಗಳಗಳ ಅತ್ತೆ.

ಅವರು ಸೂರು ನೋಡುತ್ತಲೇ ಗದರಿದರು. "ಅಳು ನಿಲ್ಸಪ್ಪಾ. ಕಾಲಿನ ಕಡೆ ನೋಡು."

ಹೊದಿಕೆಯಾಚೆ ಹತ್ತು ಬೆರಳೂ ಕುಣಿಯುತ್ತಿದ್ದವು.

"ಇನ್ನೊಂದ್ಸಲ ಅಲ್ಲಾಡ್ಸಿ ಅಮ್ಮಾ" ಎಂದಳು ಜಯಲತಾ, ನಗುತ್ತಾ ಕಣ್ಣೊರೆಸಿಕೊಂಡು.