ಬೇಲಿಯಾಚೆಗೆ ಸುರಿದ ಹಾಲು

ಮೊನ್ನೆ ಮರಿಮಗಳಿಗೆ ಒಂದು ವರ್ಷ ತುಂಬಿತು. ಬಂದವರಲ್ಲಿ ಯಾರೋ ಒಂದು ಜೊತೆ ಬೂಟು ತಂದುಕೊಟ್ಟರು. ನನ್ನ ನಡುಬೆರಳಿನಷ್ಟು ಉದ್ದ, ಕಪ್ಪು ತೊಗಲು, ಮುಖ ನೋಡಿಕೊಳ್ಳುವ ಹಾಗೆ ಹೊಳಪು. ಮಗಳ ಮಗಳ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಪುಣ್ಯ ಎಷ್ಟು ಜನಕ್ಕಿದೆ ಹೇಳಿ. ನನಗಂತೂ ಅವತ್ತು ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದವರಿಗೆಲ್ಲ ಎರಡೆರಡು ಸಲ ಪಾಯಸ ಬಡಿಸಿದೆ. ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳನ್ನೂ ಒಳಗೆ ಕರೆದು ಕೂರಿಸಿ ಎಲೆ ಹಾಕಿಸಿದೆ.

ಮಗುವಿಗೆ ತೊಡಿಸೋಣವೆಂದು ಬೂಟಿನ ಡಬ್ಬಿ ತೆರೆದೆ. ಹೊಸ ತೊಗಲಿನ ವಾಸನೆ, ಅದರ ಅಡಿಯಲ್ಲಿ ಮೂಗಿಗೆ ಚುಚ್ಚುವ ಇನ್ನೊಂದು ವಾಸನೆ... ನನ್ನ ಕೈ ನನಗೆ ಹೇಳದೆಯೇ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಬೂಟಿನ ಮೂತಿಯ ಮೇಲೆ ಉಜ್ಜಿತು.

"ಅಜ್ಜಿ, ಏನ್ ಮಾಡ್ತಿದೀಯಾ? ಹೊಸ ಶೂ ಅದು" ಅಂದಳು ಮೊಮ್ಮಗಳು.

"ಬಣ್ಣ ಬಿಡುತ್ತಾ ನೋಡ್ದೆ ಕಣೇ."

"ಇದನ್ನೆಲ್ಲ ಎಲ್ಲಿ ಕಲ್ತೆ ನೀನು?"

ನಕ್ಕು ಬೂಟನ್ನು ಮಗುವಿನ ಕಾಲಿಗೆ ತೊಡಿಸಿದೆ. ಎಲ್ಲಿ ಕಲಿತೆ ಎಂದು ಈ ಅರವತ್ತು ವರ್ಷಕ್ಕೂ ಮೀರಿ ಯಾರಿಗೂ ಹೇಳಿಲ್ಲ. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು, ಬರೆಯುವುದೂ ನಿಧಾನ. ಆದರೂ ಇದನ್ನು ನನ್ನ ಕೈಯಿಂದಲೇ ಬರೆಯಬೇಕು.

ನಾನು ಕಾಮಾಕ್ಷಿಪಾಳ್ಯಕ್ಕೆ ಸೊಸೆಯಾಗಿ ಬಂದಾಗ ನನಗೆ ಹದಿನಾರು ತುಂಬಿತ್ತು. ಮಾಗಡಿ ರಸ್ತೆಯಲ್ಲಿ ಬಸ್ಸಿಗಿಂತ ಎತ್ತಿನ ಗಾಡಿಯೇ ಹೆಚ್ಚು. ರಸ್ತೆಯಿಂದ ಈಚೆಗೆ ನಮ್ಮ ರಾಗಿ ಹೊಲ, ಆಚೆಗೆ ರಾಜಾಜಿನಗರದ ಹೊಸ ಮನೆಗಳು ಒಂದೊಂದೇ ಏಳುತ್ತಿದ್ದವು. ಅಲ್ಲಿಗೆ ಬಂದ ಕೆಲಸಗಾರರ ಮನೆಗಳಿಂದ ನಮ್ಮಲ್ಲಿಗೆ ಹಾಲಿಗೆ ಬರುತ್ತಿದ್ದರು. ನಮ್ಮತ್ತೆಯದು ಒಂದು ಪದ್ಧತಿ. ಕರೆಯುವ ಮೊದಲು ಬಂದವರ ಎದುರಿಗೆ ಚೊಂಬನ್ನು ಬೋರಲು ಹಾಕಿ ಅಲ್ಲಾಡಿಸಿ ತೋರಿಸುವುದು, ಒಳಗೆ ಒಂದು ಹನಿ ನೀರಿಲ್ಲ ಎಂದು. ಆಮೇಲೆ ಅವರ ಕಣ್ಣೆದುರೇ ಕರೆದು, ನೊರೆಯಿರುವಾಗಲೇ ಅಳೆದು ಕೊಡುವುದು. "ನನ್ನ ಹಾಲಿಗೆ ಯಾರೂ ಬೆರಳು ತೋರಿಸೋ ಹಾಗಿಲ್ಲ" ಎನ್ನುತ್ತಿದ್ದರು.

ಹಾಗೆ ಕಣ್ಣೆದುರು ಕರೆಸಿಕೊಳ್ಳಲಾಗದವರು ಒಬ್ಬರೇ ಒಬ್ಬರಿದ್ದರು. ನಮ್ಮ ಹಿತ್ತಲ ಬೇಲಿಯಾಚೆ ತೊಗಲಿನ ಕೆಲಸ ಮಾಡುತ್ತಿದ್ದವರು. ಚೀಲ ಹೊಲಿಯುತ್ತಿದ್ದರಿಂದ ಊರವರು ಚೀಲದಪ್ಪ ಎನ್ನುತ್ತಿದ್ದರು. ಐವತ್ತು ದಾಟಿತ್ತು, ಹೆಂಡತಿ ತೀರಿಕೊಂಡಿದ್ದರು. ಅವರ ಜಾತಿಯವರು ನಮ್ಮ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಬೆಳಿಗ್ಗೆ ಬೇಲಿಯ ಹೊರಗೆ ಪಾತ್ರೆ ಹಿಡಿದು ನಿಲ್ಲಬೇಕು. ನಾವು ಮುಟ್ಟದ ಹಾಗೆ ಮೇಲಿನಿಂದ ಸುರಿಯಬೇಕು. ಆಗ ನಾನು ಅವರನ್ನು 'ಅವನು' ಎಂದೇ ಕರೆಯುತ್ತಿದ್ದೆ. ನನ್ನ ತಂದೆಗಿಂತ ದೊಡ್ಡವರು.

ಅತ್ತೆ ಮಧ್ಯಾಹ್ನ ಮಲಗಿದಾಗ ನಾನು ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದೆ. ಬೇಲಿಯ ಸಂದಿನಿಂದ ಅವರ ಚಪ್ಪರ ಕಾಣುತ್ತಿತ್ತು. ಹೊಲಿದು ಮುಗಿದ ಚೀಲಕ್ಕೆ ಕಪ್ಪು ಹಚ್ಚಿ ಒಣಗಿಸಿ, ಒಂದು ಬೋಗುಣಿಯಲ್ಲಿ ಹಸಿ ಹಾಲು, ಮೊಟ್ಟೆಯ ಬಿಳಿ ಲೋಳೆ, ಚೂರು ದೀಪದ ಮಸಿ ಹಾಕಿ ಕಡೆಯುತ್ತಿದ್ದರು. ಬಟ್ಟೆಯಲ್ಲಿ ಸೋಸಿ, ಅರಳೆ ಉಂಡೆಯಿಂದ ತೆಳ್ಳಗೆ ಒಂದು ಕೈ ಸವರುವುದು. ನೆರಳಲ್ಲಿ ಒಣಗಿದ ಮೇಲೆ ಗಾಜಿನ ಸೀಸೆಯ ತಳದಿಂದ ಉಜ್ಜುವುದು. ಮತ್ತೆ ಸವರುವುದು, ಮತ್ತೆ ಉಜ್ಜುವುದು. ಮೂರನೇ ಕೈಗೆ ಆ ತೊಗಲು ಬಾವಿಯ ನೀರಿನಂತೆ ಹೊಳೆಯುತ್ತಿತ್ತು.

ನಾನು ನೋಡುತ್ತಿರುವುದು ಅವರಿಗೆ ಗೊತ್ತಾಗಿ, ತಲೆಯೆತ್ತದೆಯೇ ಮಾತಾಡುತ್ತಿದ್ದರು.

"ಹೊಳಪು ಬರ್ಸೋದು ದೊಡ್ಡದಲ್ಲ ಕಣವ್ವ. ಅದನ್ನ ಕೂರ್ಸೋದು ದೊಡ್ಡದು."

ಕೂರಿಸುವುದಕ್ಕೆ ಪೇಟೆಯಿಂದ ತಂದ ಒಂದು ಕಂದು ಸೀಸೆ ಇತ್ತು. ಅದರ ನೀರನ್ನು ಕೊನೆಯಲ್ಲಿ ಹಗುರಾಗಿ ಒರೆಸುತ್ತಿದ್ದರು. ಬೇಲಿಯ ಈಚೆಗಿದ್ದ ನನಗೂ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಹಾಲು ಗಟ್ಟಿಯಿದ್ದರೆ, ಆ ಸೀಸೆಯ ನೀರು ಬಿದ್ದೊಡನೆ ಹಾಲೂ ಲೋಳೆಯೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಆಮೇಲೆ ಮಳೆ ಹೊಡೆದರೂ ಬಿಡುವುದಿಲ್ಲ ಎಂದರು. ಎರಡು ದಿನ ಬಿಟ್ಟು ಹೆಬ್ಬೆರಳು ಒದ್ದೆ ಮಾಡಿ ಉಜ್ಜಿ ನೋಡುವರು. ಬೆರಳು ಬೆಳ್ಳಗಿದ್ದರೆ ಕೆಲಸ ಮುಗಿಯಿತು.

"ಹಾಲು ಇದಕ್ಕೆ ಅಂತ ನಿಮ್ಮತ್ತೆಗೆ ಹೇಳಬ್ಯಾಡ ತಾಯಿ. ಹಸುವಿನ ಹಾಲು ಹಸುವಿನ ತೊಗಲಿಗೆ ಅಂದ್ರೆ ನಾಳೆಯಿಂದ ಒಂದು ತೊಟ್ಟೂ ಕೊಡಾಕಿಲ್ಲ."

ಹೇಳುವುದಿಲ್ಲ ಎಂದೆ. ಹೇಳಲೂ ಇಲ್ಲ. ಅತ್ತೆ ಅದು ಕಾಫಿಗೆ ಎಂದೇ ತಿಳಿದಿದ್ದರು. ಆ ಗುಟ್ಟು ಕಾಪಾಡಿದೆನೆಂಬ ಹೆಮ್ಮೆ ನನಗೆ ಬೇಡ, ಯಾಕೆಂದರೆ ಮುಂದೆ ಅದನ್ನು ನಾನು ಬಳಸಿಕೊಂಡ ರೀತಿ ಬೇರೆ.

ಆ ವರ್ಷ ನಾನು ಬಸುರಾದೆ. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲದು. ಹಸಿ ಹಾಲಿನ ಮೇಲೆ ಮಾತ್ರ ಹುಚ್ಚು ಆಸೆ. ಆದರೆ ಆ ಮನೆಯಲ್ಲಿ ಹಾಲು ಮಾರುವುದಕ್ಕೆ, ಮೊಸರು ಗಂಡಸರಿಗೆ, ಹೆಂಗಸರಿಗೆ ನೀರು ಮಜ್ಜಿಗೆ. ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ಅದೇ ಹೊತ್ತಿಗೆ ಅತ್ತೆ, "ಬೇಲಿಗಂಟ ಹೋಗಾಕೆ ನಂಗೆ ಪುರುಸೊತ್ತಿಲ್ಲ, ನೀನೇ ಸುರಿದು ಬಾ" ಎಂದು ಚೀಲದಪ್ಪನ ಪಾಲಿನ ಅರ್ಧ ಸೇರನ್ನು ಅಳೆದು ನನ್ನ ಕೈಗೆ ಕೊಡತೊಡಗಿದರು.

ಕೊಟ್ಟಿಗೆಯಿಂದ ಬೇಲಿಗೆ ಇಪ್ಪತ್ತು ಹೆಜ್ಜೆ. ನಡುವೆ ಒಂದು ಗೋಡೆ, ಗೋಡೆಯ ಮರೆಯಲ್ಲಿ ದನಕ್ಕೆ ನೀರು ತುಂಬಿದ ತೊಟ್ಟಿ. ಮೊದಲ ದಿನ ಒಂದು ಗುಟುಕು ಕುಡಿದು ಅಷ್ಟೇ ನೀರು ಬೆರೆಸಿದೆ. ನಾಲ್ಕು ದಿನಕ್ಕೆ ಅದು ಅರ್ಧ ಚೊಂಬಾಯಿತು. ಬೇರೆ ಯಾರ ಹಾಲಿಗೂ ನಾನು ಕೈ ಹಾಕಲಾರೆ, ಅವರೆಲ್ಲ ಹಸುವಿನ ಪಕ್ಕದಲ್ಲೇ ನಿಂತಿರುತ್ತಾರೆ. ಬೇಲಿಯ ಹೊರಗೆ ನಿಲ್ಲಿಸಿದವರಿಗೆ ಮಾತ್ರ ನಾವು ಚೊಂಬು ಬೋರಲು ಹಾಕಿ ತೋರಿಸುತ್ತಿರಲಿಲ್ಲ.

ಅದೇ ದಿನಗಳಲ್ಲಿ ಅವರ ಬದುಕಿಗೆ ಒಂದು ಒಳ್ಳೆಯ ಗಳಿಗೆ ಬಂದಿತ್ತು. ಅವರು ಮಾಡಿಕೊಟ್ಟ ಒಂದು ಹೆಂಗಸರ ಕೈಚೀಲ ನೋಡಿ ಪೇಟೆಯ ಅಂಗಡಿಯವರೊಬ್ಬರು ಎರಡು ಡಜನ್ ಬೇಕೆಂದಿದ್ದರು. ಒಪ್ಪಿಗೆಯಾದರೆ ಅಂಗಡಿಯಲ್ಲೇ ಕೆಲಸ.

"ಅಂಗಡಿ ಒಳಗೇ ಒಂದು ಮಣೆ ಹಾಕ್ಕೊಡ್ತಾರಂತೆ ಕಣವ್ವ" ಎಂದರು ಬೇಲಿಯಾಚೆಯಿಂದ. ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ ಮತ್ತೊಂದು ಸಲ, "ಒಳಗೇ."

ಅದನ್ನು ಕೇಳಿಯೂ ಮರುದಿನ ಬೆಳಿಗ್ಗೆ ನಾನು ಕುಡಿದೆ.

ಒಂದು ದಿನ ಸುರಿದ ಹಾಲಿನಲ್ಲಿ ಅವರು ಬೆರಳು ಅದ್ದಿ ನೋಡಿದರು. ನನ್ನ ಹಿಂದೆಯೇ ಅತ್ತೆ ಹುಲ್ಲು ತರಲು ಬಂದಿದ್ದರು.

"ತಾಯಿ, ಹಸ ಏನಾರ ಹಸೀ ಮೇವು ತಿಂತೈತಾ? ಹಾಲು ಯಾಕೋ ತೆಳ್ಳಗೈತೆ."

"ಏನ್ಲಾ ಅಂದೆ?" ಅತ್ತೆ ಹುಲ್ಲಿನ ಹೊರೆ ಕೆಳಗೆ ಹಾಕಿದರು. "ನನ್ನ ಹಾಲಿಗೆ ನೀರು ಹುಯ್ತೀನಿ ಅಂತೀಯಾ? ರಾಜಾಜಿನಗರದ ಸಾಹೇಬ್ರು ಕುಡಿಯೋ ಹಾಲು, ನಿನ್ನ ಕಾಫಿಗೆ ತೆಳ್ಳಗಾಯ್ತಾ? ಬ್ಯಾಡ ಅಂದ್ರೆ ನಾಳೆಯಿಂದ ಬರಬ್ಯಾಡ."

"ತಪ್ಪಾಯ್ತು ತಾಯಿ. ನನ್ನ ನಾಲಿಗೆ ಸರಿಯಿಲ್ಲ."

ಖಾಲಿ ಚೊಂಬು ಹಿಡಿದು ನಾನು ನಡುವೆ ನಿಂತಿದ್ದೆ. ಒಂದು ಮಾತು ಸಾಕಿತ್ತು... ಆಡಲಿಲ್ಲ. ಹಾಲು ಯಾಕೆ ಗಟ್ಟಿ ಬೇಕು ಎಂದು ಅವರು ಬಾಯಿಬಿಡಲಾರರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ನಾನು ನಿಂತಿದ್ದೆ.

ಆ ಮಧ್ಯಾಹ್ನ ಬೇಲಿಯ ಸಂದಿನಿಂದ ನೋಡಿದರೆ ಅವರು ಲೋಳೆ ಹೆಚ್ಚು ಹಾಕಿ ಕಡೆಯುತ್ತಿದ್ದರು. ಮೂರು ಕೈ ಸವರುವಲ್ಲಿ ನಾಲ್ಕು ಕೈ, ಐದು ಕೈ. ಹೆಬ್ಬೆರಳು ಉಜ್ಜಿ ನೋಡುವರು, ಬೆಳಕಿಗೆ ಹಿಡಿಯುವರು, ಮತ್ತೆ ಸವರುವರು. ಮೊದಲಿನಂತೆ ನನ್ನ ಜೊತೆ ಮಾತಿಲ್ಲ. ಆದರೂ ಇಪ್ಪತ್ತನಾಲ್ಕು ಚೀಲಗಳನ್ನು ಬಿದಿರ ಗಳಕ್ಕೆ ತೂಗುಹಾಕಿದಾಗ ಆ ಚಪ್ಪರ ಹಬ್ಬದ ಮನೆಯಂತೆ ಹೊಳೆಯಿತು. ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಪೇಟೆಯ ಅಂಗಡಿಯವರು ಜಟಕಾದಲ್ಲಿ ಬಂದರು. ಬಿಳಿ ಪಂಚೆ, ಕರಿ ಕೋಟು. ಒಂದು ಚೀಲ ಇಳಿಸಿಕೊಂಡು ಹಿಂದೆ ಮುಂದೆ ನೋಡಿ ತಲೆದೂಗಿದರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ತಾವು ತಂದಿದ್ದ ಕುಡಿಯುವ ನೀರಿನಲ್ಲಿ ಅದ್ದಿ, ಚೀಲದ ಬೆನ್ನು ಉಜ್ಜಿದರು. ಬಟ್ಟೆ ಕಾಡಿಗೆ ಒರೆಸಿದ ಹಾಗಾಯಿತು. ಇನ್ನೊಂದು ಚೀಲ ತೆಗೆದರು. ಅದೂ ಅಷ್ಟೇ.

"ಏನಯ್ಯ ಇದು? ಮದುವೆ ಮನೇಲಿ ಹೆಂಗಸ್ರು ಕಂಕುಳಲ್ಲಿ ಇಟ್ಕೊಂಡ್ರೆ ರೇಷ್ಮೆ ಸೀರೆ ಗತಿ ಏನು? ಮೊದಲು ಕೊಟ್ಟಿದ್ದು ಹಿಂಗಿರಲಿಲ್ವಲ್ಲ. ಹಾಲಿಗೆ ನೀರು ಸೇರ್ಸಿದ್ಯಾ?"

ಚೀಲದಪ್ಪ ಆ ಕರವಸ್ತ್ರವನ್ನೇ ನೋಡಿದರು.

"ಹಾಲು ಎಲ್ಲಿಂದ ತರ್ತೀಯಾ ನೀನು?"

ಅವರು ನಮ್ಮ ಬೇಲಿಯ ಕಡೆ ತಿರುಗಿದರು. ಸಗಣಿ ಕೈಯಲ್ಲಿ ನಾನು ಅಲ್ಲೇ ಕೂತಿದ್ದೆ. ಜಗಲಿಯ ಮೇಲೆ ಅತ್ತೆ ಎದ್ದು ಕೂತು ಕೆಮ್ಮುತ್ತಿದ್ದರು. ಚೀಲದಪ್ಪನ ಬಾಯಿಂದ ನಮ್ಮ ಮನೆಯ ಹೆಸರು ಬಂದರೆ ಎರಡು ಗುಟ್ಟೂ ಒಟ್ಟಿಗೇ ಒಡೆಯುತ್ತಿದ್ದವು, ಅವರದೂ ನನ್ನದೂ.

"ಹಾಲು ಚೆನ್ನಾಗೇ ಐತೆ ಸ್ವಾಮಿ" ಎಂದರು. "ನನ್ನ ಕೈ ಕೆಟ್ಟೈತೆ."

ಜಟಕಾ ಖಾಲಿಯಾಗಿಯೇ ಹಿಂದಕ್ಕೆ ಹೋಯಿತು. ಅವರು ಗಳದಿಂದ ಚೀಲಗಳನ್ನು ಒಂದೊಂದಾಗಿ ಇಳಿಸಿ, ಒದ್ದೆ ಬಟ್ಟೆಯಿಂದ ಹೊಳಪನ್ನೆಲ್ಲ ಒರೆಸಿ ತೆಗೆಯುತ್ತ ಕೂತರು. ನಾನು ಎದ್ದು ಒಳಗೆ ಹೋದೆ.

ಮಾರನೇ ಬೆಳಿಗ್ಗೆ ಅತ್ತೆ ಎಂದಿನಂತೆ ಅಳೆದು ಕೊಟ್ಟರು. ಗೋಡೆಯ ಮರೆಯಲ್ಲಿ ನನ್ನ ಕೈ ಎಂದಿನಂತೆ ಚೊಂಬನ್ನು ಬಾಯಿಗೆತ್ತಿತು. ಹೌದು, ಅವತ್ತೂ ಕುಡಿದೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದು ಉಪಯೋಗವಿಲ್ಲ. ಬೇಲಿಯ ಹತ್ತಿರ ಹೋದರೆ ಅವರ ಕೈಯಲ್ಲಿ ಪಾತ್ರೆಯಿರಲಿಲ್ಲ. ಹೆಗಲ ಮೇಲೆ ಒಂದು ಗಂಟು.

"ಇನ್ಮೇಲೆ ಹಾಲು ಬ್ಯಾಡ ಅಂತ ನಿಮ್ಮತ್ತೆಗೆ ಹೇಳವ್ವ."

ಅವರು ನನ್ನ ಮುಖ ನೋಡಿದರು, ಚೊಂಬು ನೋಡಿದರು, ಹಿಂದೆ ನೀರಿನ ತೊಟ್ಟಿಯ ಕಡೆ ನೋಡಿದರು. ಮತ್ತೆ ನನ್ನ ಮುಖಕ್ಕೇ ಬಂದರು. ಅಷ್ಟರಲ್ಲಿ ಅತ್ತೆಯ ಬಳೆ ಸದ್ದು ಗೋಡೆಯ ಹತ್ತಿರ ಕೇಳಿಸಿತು.

"ತುಟಿ ಒರೆಸ್ಕೊಳ್ಳವ್ವ" ಎಂದರು ಮೆಲ್ಲಗೆ. "ನಿಮ್ಮತ್ತೆ ನೋಡ್ತಾರೆ."

ಸೆರಗಿನಲ್ಲಿ ತುಟಿ ಒರೆಸಿಕೊಳ್ಳುವಷ್ಟರಲ್ಲಿ ಅವರು ಬೆನ್ನು ತಿರುಗಿಸಿ ನಡೆದಿದ್ದರು. ಆ ಮಾತಿನಲ್ಲಿ ಕನಿಕರ ಇತ್ತೋ, ಹೇಸಿಗೆ ಇತ್ತೋ... ಇಷ್ಟು ವರ್ಷ ತಿರುವಿ ಹಾಕಿದರೂ ನನಗೆ ತಿಳಿದಿಲ್ಲ. ಕೆಂಗೇರಿ ಕಡೆ ಒಂದು ಮರದ ಕೆಳಗೆ ಕೂತು ಹಳೆಯ ಮೆಟ್ಟು ಹೊಲಿಯುತ್ತಾರೆ ಎಂದು ಯಾರೋ ಹೇಳಿದ್ದನ್ನು ಒಂದು ಸಲ ಕೇಳಿದೆ. ಕೆಂಗೇರಿ ಎಷ್ಟು ದೂರ? ಹೋಗಬಹುದಿತ್ತು. ಹೋಗಲಿಲ್ಲ. ಮೊದಲು ಅತ್ತೆಯ ಭಯ ಎಂದುಕೊಂಡೆ. ಅತ್ತೆ ತೀರಿಕೊಂಡ ಮೇಲೂ ಹೋಗಲಿಲ್ಲ.

ಆ ಹಾಲು ಕುಡಿದ ಹೊಟ್ಟೆಯಲ್ಲಿ ನನ್ನ ದೊಡ್ಡ ಮಗಳು ಹುಟ್ಟಿದಳು. ಕೆಂಪಗೆ, ದುಂಡಗೆ, ನೋಡಿದವರು ದೃಷ್ಟಿ ತೆಗೆಯುವಂತಿದ್ದಳು. ಅವಳ ಹೊಟ್ಟೆಯಲ್ಲಿ ಈ ಮೊಮ್ಮಗಳು, ಇವಳ ಹೊಟ್ಟೆಯಲ್ಲಿ ಈ ಪುಟ್ಟಿ. ಮೊನ್ನೆ ನಾನು ಉಕ್ಕಿ ಉಕ್ಕಿ ಪಾಯಸ ಬಡಿಸಿದ ಸಂತೋಷವೆಲ್ಲ ಅಲ್ಲಿಂದಲೇ ಬಂದದ್ದು. ನನ್ನ ಸಂತೋಷ ಸುಳ್ಳಲ್ಲ. ಅದರ ಅಡಿಯಲ್ಲಿರುವುದೂ ಸುಳ್ಳಲ್ಲ.

ಈಗ ಆ ಚಪ್ಪರವಿದ್ದ ಕಡೆ ಮೂರು ಅಂತಸ್ತಿನ ಗಾರ್ಮೆಂಟ್ಸ್ ಕಟ್ಟಡವಿದೆ. ಬೇಲಿ ಎಲ್ಲಿತ್ತೆಂದು ನನಗೊಬ್ಬಳಿಗೇ ಗೊತ್ತು. ತಪ್ಪಾಯಿತು ಎಂದು ಹೇಳೋಣವೆಂದರೆ ಕೇಳಬೇಕಾದವರು ಇಲ್ಲ.

ಅವತ್ತು ಸಂಜೆ ಪುಟ್ಟಿ ಹೊಸ ಬೂಟಿನಲ್ಲಿ ಎರಡು ಹೆಜ್ಜೆ ಇಟ್ಟು ಧೊಪ್ಪನೆ ಕೂತು ಕೈಚಾಚಿದಳು. ಮೊಮ್ಮಗಳು ಲೋಟದಲ್ಲಿ ಹಾಲು ತಂದುಕೊಟ್ಟಳು. ಗಟಗಟ ಕುಡಿದು ಬಿಳಿ ಮೀಸೆ ಹೊತ್ತು ನನ್ನ ಮುಖ ನೋಡಿ ನಕ್ಕಳು.

"ಅಜ್ಜಿ, ಬಾಯಿ ಒರೆಸು ಅವಳದು" ಎಂದಳು ಮೊಮ್ಮಗಳು.

ಸೆರಗು ಕೈಯಲ್ಲಿ ಹಿಡಿದೆ. ತುಂಬ ಹೊತ್ತು ಒರೆಸಲು ಆಗಲಿಲ್ಲ.