ಕಾಲು ಮುಂದಾಗಿ ಹುಟ್ಟಿದವಳು

ಎಲ್ಲ ಮಕ್ಕಳೂ ಸಭ್ಯರ ಹಾಗೆ ತಲೆ ಮುಂದೆ ಮಾಡಿಕೊಂಡು ಈ ಲೋಕಕ್ಕೆ ಬಂದರೆ ನಾನು ಕಾಲು ಮುಂದೆ ಚಾಚಿಕೊಂಡು ಬಂದೆ. ಅಮ್ಮನಿಗೆ ಆದ ಕಷ್ಟ ಅಷ್ಟಿಷ್ಟಲ್ಲ. ಇವತ್ತಿಗೂ ನನ್ನ ಮೇಲೆ ಸಿಟ್ಟು ಬಂದಾಗ ಅವಳು ಅಲ್ಲಿಂದಲೇ ಶುರುಮಾಡುತ್ತಾಳೆ. ಆದರೆ ನಮ್ಮ ಕಾಸರಗೋಡಿನ ಕಡೆ ಹೀಗೆ ಹುಟ್ಟಿದವರಿಗೆ ಒಂದು ಮರ್ಯಾದೆ ಇದೆ. ಸೊಂಟ ಉಳುಕಿದರೆ, ಬೆನ್ನು ಹಿಡಿದರೆ, ಕುತ್ತಿಗೆ ತಿರುಗದಿದ್ದರೆ ಅಂಥವರ ಕಾಲಿನಿಂದ ನೋವಿರುವ ಜಾಗಕ್ಕೆ ಮೂರು ಸಲ ಮುಟ್ಟಿಸಿಕೊಳ್ಳುತ್ತಾರೆ. ನೋವು ಇಳಿದುಹೋಗುತ್ತದೆ ಎಂದು ನಂಬಿಕೆ. ನನಗೆ ನಡೆಯಲು ಬಂದದ್ದೇ ತಡ, ನನ್ನ ವೈದ್ಯ ವೃತ್ತಿ ಆರಂಭವಾಯಿತು. ಅಕ್ಕಪಕ್ಕದ ಮನೆಯ ದೊಡ್ಡವರು ಬಂದು ನನ್ನೆದುರು ಬೋರಲು ಮಲಗುತ್ತಿದ್ದರು. ಬೇರೆ ಮಕ್ಕಳು ಹಿರಿಯರಿಗೆ ಕಾಲು ತಾಗಿಸಿ ಪೆಟ್ಟು ತಿನ್ನುವ ವಯಸ್ಸಿನಲ್ಲಿ ನಾನು ಕಾಲು ತಾಗಿಸಿ ಬೆಲ್ಲ ತಿಂದವಳು. ನನ್ನ ಸ್ವಭಾವ ಸ್ವಲ್ಪ ಹಾಳಾಗಿದ್ದರೆ ಅದಕ್ಕೆ ಇದೂ ಒಂದು ಕಾರಣ ಇರಬೇಕು.

ಅಪ್ಪನಿಗೆ ಸರಕಾರಿ ವಕೀಲರ ಕಚೇರಿಯಲ್ಲಿ ಕೆಲಸವಾಗಿ ನಾವು ಕೊಚ್ಚಿಗೆ ಬಂದು ಕಲೂರಿನಲ್ಲಿ ಮನೆ ಮಾಡಿದ ಮೇಲೂ ಇದು ನಿಲ್ಲಲಿಲ್ಲ. ಊರಿನ ಕಡೆಯ ವಕೀಲರು, ಗುಮಾಸ್ತರು, ಅವರ ಹೆಂಡತಿಯರು ಭಾನುವಾರ ಸೊಂಟ ಹಿಡಿದುಕೊಂಡು ನಮ್ಮ ಲಿಫ್ಟಿನಿಂದ ಇಳಿಯುತ್ತಿದ್ದರು. ಕಾಲು ಮುಟ್ಟಿಸಿಕೊಂಡು, ಅಮ್ಮನ ಕೈಯ ಕಾಫಿ ಕುಡಿದು, ಗುಣವಾಯಿತು ಎಂದು ಹೇಳಿ ಹೋಗುತ್ತಿದ್ದರು. ನನ್ನ ಕಾಲಿನಿಂದ ಗುಣವಾಗುತ್ತಿತ್ತೋ, ಕಾಫಿಯಿಂದಲೋ, ತನ್ನಷ್ಟಕ್ಕೇ ಆಗುತ್ತಿತ್ತೋ, ನಾನು ವಿಚಾರಿಸಲು ಹೋಗಲಿಲ್ಲ.

ಆಮೇಲೆ ನಾನೂ ಕಾನೂನು ಓದಿ ಕೊಚ್ಚಿಯಲ್ಲೇ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದೆ. ಏಲೂರಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಹುಡುಗನನ್ನು ಇಷ್ಟಪಟ್ಟೆ. ತಿರುವನಂತಪುರದವನು, ಮಲಯಾಳಿ. ನನ್ನ ಮನೆಯಲ್ಲಿ ಒಂದು ವಾರ ಮುಖ ದಪ್ಪ ಮಾಡಿಕೊಂಡು ಆಮೇಲೆ ಒಪ್ಪಿದರು. ತೊಡಕಿದ್ದದ್ದು ಅವನ ಅಪ್ಪನದು. ಸೆಕ್ರೆಟೇರಿಯಟ್ಟಿನಿಂದ ನಿವೃತ್ತರಾದವರು. ಮಗ ವಿಷಯ ಎತ್ತಿದಾಗಲೆಲ್ಲ "ನೋಡೋಣ" ಎಂದು ಪೇಪರು ಬಿಡಿಸಿ ಹಿಡಿಯುತ್ತಿದ್ದರಂತೆ. ಕೊನೆಗೊಮ್ಮೆ, ಹುಡುಗಿಯನ್ನು ಭಾನುವಾರ ಕರೆದುಕೊಂಡು ಬಾ, ಕಂಡು ಮಾತಾಡಿ ಹೇಳುತ್ತೇನೆ ಎಂದರು. ನನ್ನ ಹುಡುಗ ಮೊದಲೇ ಹೇಳಿಬಿಟ್ಟಿದ್ದ: "ಅಪ್ಪ ಬೇಡ ಅಂದರೆ ಅವರನ್ನು ಬಿಟ್ಟು ಮದುವೆಯಾಗುವ ಧೈರ್ಯ ನನಗಿಲ್ಲ." ಅಮ್ಮ ಇಲ್ಲದ ಮನೆಯಲ್ಲಿ ಅಪ್ಪನೇ ಬೇಯಿಸಿ ಹಾಕಿ ಬೆಳೆಸಿದ ಮಗ ಅವನು. ನನಗೆ ಮೈಯೆಲ್ಲ ಉರಿಯಿತು, ಎರಡು ದಿನ ಫೋನು ಎತ್ತಲಿಲ್ಲ. ಆದರೆ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ನಾನು ಇಷ್ಟಪಟ್ಟದ್ದೂ ಅದಕ್ಕೇ. ಹಾಗಾಗಿ ನನ್ನ ಮದುವೆಯ ಹಣೆಬರಹವೆಲ್ಲ ಆ ಒಂದು ಭಾನುವಾರದ ಮೇಲೆ ಬಂದು ನಿಂತಿತು.

ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋದೆ. ಸ್ಟೇಷನ್ನಿಗೆ ಬಂದಿದ್ದ ಅವನ ಮುಖ ಇಷ್ಟುದ್ದ ಆಗಿತ್ತು.

"ಅಪ್ಪನ ಕುತ್ತಿಗೆ ಹಿಡಿದುಬಿಟ್ಟಿದೆ," ಎಂದ. "ರಾತ್ರಿ ಫ್ಯಾನಿನ ಕೆಳಗೆ ಅಡ್ಡಾದಿಡ್ಡಿ ಮಲಗಿದ್ದರು. ಬೆಳಿಗ್ಗೆಯಿಂದ ಯಾರು ಮಾತಾಡಿಸಿದರೂ ಸಿಡುಕುತ್ತಿದ್ದಾರೆ."

ಅವರ ಮನೆ ಊರ ಹೊರಗಿನ ಕಳಕ್ಕೂಟಂನಲ್ಲಿ. ಮೇಲಿನ ಮಹಡಿಯನ್ನು ಐಟಿ ಪಾರ್ಕಿನ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ಅಪ್ಪ, ಮತ್ತು ಅಪ್ಪನ ಅಕ್ಕ. ಈ ಅಕ್ಕನನ್ನು ಅವನು ಅಪ್ಪಚ್ಚಿ ಎಂದು ಕರೆಯುತ್ತಾನೆ. ನಮ್ಮ ಊರಿನ ಕಡೆ ಕೆಲವರು ಚಿಕ್ಕಪ್ಪನನ್ನು ಅಪ್ಪಚ್ಚಿ ಎನ್ನುತ್ತಾರೆ. ದಾರಿಯುದ್ದಕ್ಕೂ ಮೀಸೆಯ ಚಿಕ್ಕಪ್ಪನೊಬ್ಬನನ್ನು ಕಲ್ಪಿಸಿಕೊಂಡು ಹೋದ ನನಗೆ ಬಾಗಿಲಲ್ಲಿ ಬಿಳಿ ಮುಂಡು ಉಟ್ಟ ಮುದುಕಿ ಎದುರಾದಾಗ ನಗು ತಡೆಯಲು ಆಗಲಿಲ್ಲ. ಅವರಿಗೂ ಕಾರಣ ಕೇಳದೆ ನಗುವ ಅಭ್ಯಾಸ ಇತ್ತು. ಇಬ್ಬರೂ ಹೊಸ್ತಿಲಲ್ಲೇ ನಿಂತು ಸುಮ್ಮನೆ ನಕ್ಕೆವು.

ಒಳಗೆ ಅವನ ಅಪ್ಪ, ನನ್ನ ಬಾಯಲ್ಲಿ ಅಂಕಲ್, ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ತಲೆ ಬಲಕ್ಕೆ ವಾಲಿ, ಫ್ರಿಜ್ಜಿದ್ದ ಕಡೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು. ಎದುರಿನ ಸೋಫಾದಲ್ಲಿ ನನ್ನನ್ನು ಕೂರಿಸಿದರು. ಅಂಕಲ್ ಫ್ರಿಜ್ಜನ್ನು ನೋಡುತ್ತ, "ಪ್ರಯಾಣ ಹೇಗಿತ್ತು?" ಎಂದು ಕೇಳಿದರು. ಫ್ರಿಜ್ಜಿಗೆ ಬದಲಾಗಿ ನಾನು ಉತ್ತರ ಕೊಟ್ಟೆ. ನನ್ನನ್ನು ಕಾಣಲೆಂದು ಕರೆಸಿದವರಿಗೆ ನನ್ನ ಮುಖ ಕಾಣಿಸದಿದ್ದರೆ ಹೇಗೆ ಎಂದು ನಾನೇ ಎದ್ದು ಕಿಟಕಿಯ ಹತ್ತಿರದ ಸ್ಟೂಲಿಗೆ ಹೋದೆ. ಅಲ್ಲಿ ಕೂತರೆ ಅವರಿಗೆ ನನ್ನ ಒಂದು ಕಿವಿ ಮಾತ್ರ ಕಂಡಿತಂತೆ. ಮತ್ತೆ ಫ್ರಿಜ್ಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಆಗ ಅಪ್ಪಚ್ಚಿಗೆ ಫ್ರಿಜ್ಜಿನೊಳಗಿನ ಮೊಸರು ಬೇಕಾಯಿತು. ನಾನು ಏಳಬೇಕಾಯಿತು.

ಆ ಕುತ್ತಿಗೆಗೆ ಬೆಳಗಿನಿಂದ ಆಗಿದ್ದ ಉಪಚಾರ ಕೇಳಿದರೆ ಕುತ್ತಿಗೆಯ ಬಗ್ಗೆಯೇ ಕನಿಕರ ಬರಬೇಕು. ಅಪ್ಪಚ್ಚಿ ಮೊದಲು ಆಯುರ್ವೇದದ ತೈಲ ಬಿಸಿ ಮಾಡಿ ತಿಕ್ಕಿದ್ದರು. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಿದ್ದರು. ಎಕ್ಕದ ಎಲೆಗೆ ಎಣ್ಣೆ ಸವರಿ ಬಾಡಿಸಿ ಅಂಟಿಸಿದ್ದರು. ತಲೆದಿಂಬಿನದೇ ತಪ್ಪೆಂದು ಅದನ್ನು ಅಂಗಳಕ್ಕೆ ಒಯ್ದು, ಕೋಲಿನಿಂದ ಬಡಿದು ಬಿಸಿಲಿಗೆ ಹಾಕಿದ್ದರು. ಮೇಲಿನ ಹುಡುಗಿಯರಲ್ಲಿ ಒಬ್ಬಳು ಬಂದು, ಬಿಸಿ ಇಡಲೇಬಾರದು, ಐಸ್ ಇಡಬೇಕು ಎಂದು ಐಸ್ ಇಟ್ಟಿದ್ದಳು. ಇನ್ನೊಬ್ಬಳು ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೋ ತೋರಿಸಿ ಅಂಕಲ್‌ನಿಂದ ಒಂದು ಕಿರುಚು ಹೊರಡಿಸಿದ್ದಳು. ಎಣ್ಣೆ, ಉಪ್ಪು, ಮುಲಾಮು ಎಲ್ಲ ಸೇರಿ ಅವರು ಒಗ್ಗರಣೆಯ ಡಬ್ಬಿಯ ಹಾಗೆ ಘಮ್ಮೆನ್ನುತ್ತಿದ್ದರು.

ಊಟಕ್ಕೆ ಕೂತಾಗ ಅವರು ಅಸಲು ಪ್ರಶ್ನೆ ಕೇಳಿದರು. "ಈ ಮನೆಗೆ ಬಂದರೆ ನೀನು ಕನ್ನಡದಲ್ಲಿ ಯಾರ ಹತ್ತಿರ ಮಾತಾಡ್ತೀಯಾ?"

"ಫೋನಿನಲ್ಲಿ ಅಮ್ಮನ ಹತ್ತಿರ," ಎಂದೆ. "ಸಿಟ್ಟು ಬಂದರೆ ಎಲ್ಲರ ಹತ್ತಿರ."

ಅಪ್ಪಚ್ಚಿ ಅನ್ನದ ಸೌಟು ಹಿಡಿದುಕೊಂಡೇ ನಕ್ಕರು. ಅಂಕಲ್ ನಗಲಿಲ್ಲ. ಸಾಂಬಾರಿನ ಪಾತ್ರೆ ಅವರ ಎಡಕ್ಕಿತ್ತು, ಅದನ್ನು ನೋಡಲು ಕುರ್ಚಿಯ ಸಮೇತ ತಿರುಗಿದರು. ನಾಲಗೆ ಕಚ್ಚಿಕೊಂಡೆ.

ಆಗಲೇ ನನ್ನ ಹುಡುಗ, ಸುಳ್ಳು ಹೇಳಲು ಬಾರದ ಪುಣ್ಯಾತ್ಮ, ಸತ್ಯವನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಬಾಯಿಬಿಟ್ಟ. "ಅಪ್ಪಚ್ಚೀ, ಇವಳು ಕಾಲು ಮುಂದಾಗಿ ಹುಟ್ಟಿದವಳು. ಇವಳ ಕಾಲು ಮುಟ್ಟಿಸಿದರೆ ನೋವು ಹೋಗುತ್ತದಂತೆ."

ಮೇಜಿನ ಕೆಳಗೆ ಅವನಿಗೆ ಒದ್ದೆ. ಅದು ತಡವಾಗಿತ್ತು. ಅಪ್ಪಚ್ಚಿಯ ಕಣ್ಣು ಅರಳಿಬಿಟ್ಟಿತ್ತು. ಹಿಂದೆ ಪಕ್ಕದ ಮನೆಯಲ್ಲಿದ್ದ ನಾಗರಕೋಯಿಲಿನ ತಮಿಳು ಹೆಂಗಸೂ ಇದನ್ನೇ ಹೇಳುತ್ತಿದ್ದಳಂತೆ. "ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಮೋಳೇ?" ಎಂದು, ಮಗಳೇ ಎನ್ನುತ್ತಲೇ ನನ್ನನ್ನು ಗದರಿ, ಕೈ ತೊಳೆಯುವಷ್ಟರಲ್ಲಿ ಜಗಲಿಯಲ್ಲಿ ಚಾಪೆ ಹಾಸಿಬಿಟ್ಟರು.

ನಾನು ಹಿತ್ತಲಿಗೆ ಓಡಿ ಅಮ್ಮನಿಗೆ ಫೋನ್ ಮಾಡಿದೆ.

"ಎಂತ? ಅವರ ಕುತ್ತಿಗೆಗಾ?" ಅಮ್ಮನ ಸ್ವರ ಏರಿತು. "ನಿಂಗೆ ತಲೆ ಸಮ ಉಂಟಾ ಮಾರಾಯ್ತಿ? ಮದುವೆ ಮಾತಾಡ್ಲಿಕ್ಕೆ ಹೋದವಳು ಮಾವ ಆಗ್ಬೇಕಾದವರ ಕುತ್ತಿಗೆಗೆ ಕಾಲಿಡ್ಲಿಕ್ಕುಂಟಾ? ಅವರು ಎಂತ ಎಣಿಸ್ತಾರೆ? ನಿನ್ನನ್ನು ಹೀಗೆ ಬೆಳೆಸಿದ್ದು ಅಂತ ನಮ್ಗೇ ಬೈಯ್ತಾರೆ."

"ಒದೆಯುವುದಲ್ಲ ಅಮ್ಮ, ಮುಟ್ಟಿಸುವುದು ಅಷ್ಟೆ. ಊರಿನವರಿಗೆಲ್ಲ ಮುಟ್ಟಿಸ್ಲಿಲ್ವಾ?"

"ಆಗ ನೀನು ಇಷ್ಟೇ ಇಷ್ಟು ಇದ್ದದ್ದು. ಈಗ ಕತ್ತೆಯಷ್ಟಾಗಿದ್ದಿ. ಬೇಡ ಅಂದ್ರೆ ಬೇಡ. ಹೊಟ್ಟೆನೋವು ಅಂತ ಹೇಳಿ ಸೀದಾ ಬಾ."

ಫೋನಿಟ್ಟು ಜಗಲಿಗೆ ಇಣುಕಿದರೆ ಅಂಕಲ್ ಅಪ್ಪಚ್ಚಿಯ ಒತ್ತಾಯಕ್ಕೆ ಅಂಗಿ ಕಳಚಿ ಚಾಪೆಯ ಮೇಲೆ ಬೋರಲು ಮಲಗಿಯಾಗಿತ್ತು. ಮೆಟ್ಟಿಲಿನ ಮೇಲೆ ಬಾಡಿಗೆಯ ಹುಡುಗಿಯರೆಲ್ಲ ಸಾಲಾಗಿ ಕೂತಿದ್ದರು. ಇನ್ನು ಹೊಟ್ಟೆನೋವು ಎಂದರೆ ಯಾರು ನಂಬುತ್ತಾರೆ? ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದು, ಉಗುರಿನ ನೇರಳೆ ಬಣ್ಣವನ್ನು ಶಪಿಸುತ್ತ ಬಂದೆ. ಹುಡುಗನ ಭುಜ ಹಿಡಿದುಕೊಂಡು ಒಂಟಿ ಕಾಲಲ್ಲಿ ನಿಂತೆ. ಇಪ್ಪತ್ತು ವರ್ಷ ಕಂಡವರ ಬೆನ್ನಿಗೆಲ್ಲ ಕಾಲಿಟ್ಟವಳಿಗೆ ಆ ಗಳಿಗೆಯಲ್ಲಿ ಎತ್ತಿದ ಕಾಲನ್ನು ಇಳಿಸಲು ಧೈರ್ಯ ಸಾಲಲಿಲ್ಲ.

ಹೆಬ್ಬೆರಳು ಮೆಲ್ಲಗೆ ಕುತ್ತಿಗೆಗೆ ತಾಗಿತು. ಅಂಕಲ್‌ನ ಮೈ ಒಮ್ಮೆ ಅದುರಿತು. ನೋವಾಯಿತೇನೋ ಎಂದು ಕಾಲು ತೆಗೆದೆ.

"ನಿಲ್ಲಿಸಬೇಡ," ಎಂದು ಅಪ್ಪಚ್ಚಿ ಕೂಗಿದರು.

ಎರಡನೆಯ ಸಲ ಕುತ್ತಿಗೆಯಿಂದ ಭುಜಕ್ಕೆ ಸವರುವಾಗ ಚಾಪೆಯೊಳಗಿನಿಂದ ಒಂದು ವಿಚಿತ್ರ ಶಬ್ದ ಬಂತು. ಕಿಸಕ್ ಎಂದ ಹಾಗೆ. ಮೂರನೆಯ ಸಲಕ್ಕೆ ಗೊತ್ತಾಯಿತು. ಸೆಕ್ರೆಟೇರಿಯಟ್ಟನ್ನು ನಡುಗಿಸಿದ ಆ ಮನುಷ್ಯನಿಗೆ ಕಚಗುಳಿ! ಅವರು ಕಿಸಿಕಿಸಿ ನಗುತ್ತಿದ್ದರು. ನಕ್ಕರೆ ಕುತ್ತಿಗೆ ನೋಯುತ್ತದೆ, ನೋಯುತ್ತದೆಂದು "ಅಯ್ಯೋ" ಎಂದರೆ ಮತ್ತೆ ನಗು. "ಸಾಕು, ಸಾಕು, ಕಾಲು ತೆಗಿ ಕುಟ್ಟೀ," ಎಂದು ಚಾಪೆಯನ್ನು ಕೈಯಿಂದ ಬಡಿಯತೊಡಗಿದರು. "ಚಿಕ್ಕಂದಿನಲ್ಲೂ ಇವನು ಹೀಗೇ, ಕುತ್ತಿಗೆ ಮುಟ್ಟಿದರೆ ಸಾಕು," ಎಂದು ಅಪ್ಪಚ್ಚಿ ಗೋಡೆಗೆ ಒರಗಿ ಕಣ್ಣೊರೆಸಿಕೊಂಡರು. ಮೆಟ್ಟಿಲ ಮೇಲಿನ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನನ್ನ ಹುಡುಗ ಮಾತ್ರ ಬಾಯಿ ತೆರೆದು ನಿಂತಿದ್ದ. ಅಪ್ಪ ಹೀಗೆ ನಕ್ಕದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲವಂತೆ.

ನಗು ನಿಂತ ಮೇಲೆ ಅಂಕಲ್ ಎದ್ದು ಕೂತರು. ಅವರು ನಿಧಾನವಾಗಿ ಎಡಕ್ಕೆ ತಿರುಗಲು ನೋಡಿದರು. ತಲೆ ಒಂದಿಷ್ಟೂ ಅಲುಗಲಿಲ್ಲ. ಬಲಕ್ಕೂ ಅಷ್ಟೆ.

"ಹೇಗಿದೆ?" ಎಂದು ಅಪ್ಪಚ್ಚಿ ಕೇಳಿದರು.

"ನೋಡೋಣ," ಎಂದರು ಅಂಕಲ್. ಎದ್ದು, ಅಂಗಿ ಹಾಕಿಕೊಂಡು, ಬೆತ್ತದ ಕುರ್ಚಿಗೆ ಹೋಗಿ ಕೂತರು.

ಮಗ ಮದುವೆಯ ವಿಷಯ ಎತ್ತಿದಾಗಲೂ ಅವರು ಹೇಳುತ್ತಿದ್ದದ್ದು ಇದನ್ನೇ. ಅತ್ತ ಮೆಟ್ಟಿಲಿನಿಂದ ಹುಡುಗಿಯರು ಇಳಿದು ಬಂದರು. ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಕೂತು ಅವರೆಲ್ಲರಿಗೂ ಕುತ್ತಿಗೆ ನೋವು. "ಚೇಚೀ, ನಮಗೂ ಒಂದು," ಎಂದು ನನ್ನನ್ನು ಅಕ್ಕನನ್ನಾಗಿ ಮಾಡಿಕೊಂಡು ಚಾಪೆಯ ಮೇಲೆ ಸರದಿಯಲ್ಲಿ ಮಲಗಿದರು. ನಗುತ್ತಲೇ ಅವರಿಗೂ ಕಾಲು ಮುಟ್ಟಿಸಿದೆ. ಮುಖದಲ್ಲಷ್ಟೇ ಆ ನಗು ಇತ್ತು. ಹಿರಿಯರ ಕುತ್ತಿಗೆಗೆ ಕಾಲಿಟ್ಟದ್ದೂ ಆಯಿತು, ನೋವೂ ಹೋಗಲಿಲ್ಲ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಸಂಜೆ ನಾನು ಹೊರಡುವ ಹೊತ್ತಿಗೆ ಹುಡುಗನ ಫೋನು ಬಡಿದುಕೊಂಡಿತು. ನನ್ನ ಅಪ್ಪ. ಕಾಲಿಟ್ಟದ್ದಾಯಿತು ಎಂದು ನಾನು ಕಳಿಸಿದ್ದ ಮೆಸೇಜು ಓದಿ ಅಮ್ಮ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಹುಡುಗ ಅಂಕಲ್‌ಗೆ ಫೋನು ಕೊಟ್ಟ. ಕಿವಿಗೆ ಹಿಡಿದರೆ ಕುತ್ತಿಗೆ ಎಳೆಯುತ್ತದೆಂದು ಅವರು ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಕೋರ್ಟಿನಲ್ಲಿ ಎಂಥೆಂಥವರ ಎದುರೂ ತಲೆತಗ್ಗಿಸದ ನನ್ನ ಅಪ್ಪ, ಕಾಸರಗೋಡಿನ ಮಲಯಾಳದಲ್ಲಿ ತೊದಲುತ್ತಿದ್ದರು. "ಕ್ಷಮಿಸಬೇಕು, ದೊಡ್ಡ ತಪ್ಪಾಗಿದೆ. ಹುಡುಗಿಗೆ ತಿಳಿವಳಿಕೆ ಕಡಿಮೆ. ನಾವೇ ಮುದ್ದು ಮಾಡಿ ಕೆಡಿಸಿದ್ದು. ನಿಮ್ಮ ಮನಸ್ಸಿಗೆ ಬೇಸರವಾಗಿದ್ದರೆ..." ಅಪ್ಪನ ಆ ಸ್ವರ ಕೇಳಲಾರದೆ ನನಗೆ ಅಳು ಬಂತು. ಬಾಗಿಲ ಹತ್ತಿರ ಬ್ಯಾಗು ಹಿಡಿದು ನಿಂತುಬಿಟ್ಟೆ.

"ಬೇಸರವೇ? ಯಾತಕ್ಕೆ?" ಎಂದರು ಅಂಕಲ್, ಗಟ್ಟಿಯಾಗಿ. "ನನ್ನ ಕುತ್ತಿಗೆ ಪೂರ್ತಿ ಗುಣವಾಯಿತು ಸಾರ್. ಬೆಳಗಿನಿಂದ ಎಷ್ಟು ಎಣ್ಣೆ, ಎಷ್ಟು ಶಾಖ! ಏನೂ ಆಗಿರಲಿಲ್ಲ. ನಿಮ್ಮ ಮಗಳು ಕಾಲಿಟ್ಟಳು, ನೋವು ಓಡಿಹೋಯಿತು. ಈಗ ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಇಂಥ ಹುಡುಗಿಯನ್ನು ಬಿಡುವುದುಂಟೇ? ನೀವಿಬ್ಬರೂ ಯಾವತ್ತು ಬರುತ್ತೀರಿ ಹೇಳಿ, ದಿನ ಗೊತ್ತುಮಾಡೋಣ."

ನನ್ನ ಹುಡುಗ ಏನೋ ಹೇಳಲು ಬಾಯಿ ತೆರೆದ. ಆ ಸತ್ಯಸಂಧನ ಬಾಯಿಯನ್ನು ಅಪ್ಪಚ್ಚಿ ಅಂಗೈಯಿಂದ ಮುಚ್ಚಿದರು.

ನಾನು ಬಿಕ್ಕಿದ್ದು ಅಂಕಲ್‌ಗೆ ಕೇಳಿಸಿರಬೇಕು. ಅವರು ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ಮುಖ ಕಿವುಚಿ, ಕಾಲು, ಸೊಂಟ, ಭುಜ, ವಾಲಿದ ತಲೆ ಎಲ್ಲವನ್ನೂ ಒಟ್ಟಿಗೆ ನನ್ನ ಕಡೆ ತಿರುಗಿಸಿದರು. ಆ ದಿನ ಮೊದಲ ಸಲ ನನ್ನ ಮುಖವನ್ನು ನೇರವಾಗಿ ಕಂಡು ತುಟಿಯ ಮೇಲೆ ಬೆರಳಿಟ್ಟರು.